ಔಷಧಿ ಹೊಡೆದರೂ ತಿಗಣೆ ಮತ್ತೆ ಬರುವುದು ಯಾಕೆ?

ಔಷಧಿ ಹೊಡೆಸಿದ ಮೇಲೆ ಒಂದಷ್ಟು ದಿನ ನೆಮ್ಮದಿ. ಎರಡು ವಾರ ಕಳೆಯುವಷ್ಟರಲ್ಲಿ ಕೈ ಮೇಲೆ ಮತ್ತೆ ಸಾಲು ಸಾಲು ದದ್ದು. ತುಮಕೂರಿನಲ್ಲಿ ಪಿಜಿ ಹಿಡಿದ ಹುಡುಗರು, ಫ್ಯಾಕ್ಟರಿ ಕೆಲಸಕ್ಕೆಂದು ಕೋಲಾರದ ಕಡೆ ರೂಮು ಮಾಡಿಕೊಂಡವರು, ಚಿಕ್ಕಬಳ್ಳಾಪುರದ ಬಾಡಿಗೆ ಮನೆಯವರು, ಎಲ್ಲರ ದೂರೂ ಹೆಚ್ಚುಕಡಿಮೆ ಇದೇ. "ದುಡ್ಡು ಕೊಟ್ಟು ಹೊಡೆಸಿದ್ವಿ, ಆದರೂ ಹೋಗ್ಲಿಲ್ಲ."

ಅಜ್ಜಿ ತಾತಂದಿರಿಗೆ ತಿಗಣೆ ಹೊಸದಲ್ಲ. ಮಂಚವನ್ನು ಅಂಗಳಕ್ಕೆ ಎಳೆದು ಸಂದಿಗೆಲ್ಲ ಕುದಿಯುವ ನೀರು ಸುರಿಯುವುದು ಆಗ ಬೇಸಿಗೆಯ ಕೆಲಸಗಳಲ್ಲಿ ಒಂದು. ಟೆಂಟ್ ಸಿನಿಮಾದ ಬೆಂಚಿನಿಂದ ಮನೆವರೆಗೂ ಜೊತೆಗೇ ಬರುತ್ತಿದ್ದವು. ಡಿಡಿಟಿ ಅನ್ನುವ ಕೀಟನಾಶಕ ಬಂದ ಮೇಲೆ ಪ್ರಪಂಚದ ಎಷ್ಟೋ ಕಡೆ ಕಡಿಮೆಯಾದವು. 2000ದ ಆಸುಪಾಸಿನಿಂದ ಮತ್ತೆ ಏರತೊಡಗಿದವು. 2023ರಲ್ಲಿ ಪ್ಯಾರಿಸ್ ನಗರವೇ ತಿಗಣೆ ಗಾಬರಿಯಲ್ಲಿ ಮುಳುಗಿತ್ತು. ಅದೇ ವರ್ಷದ ಕೊನೆಗೆ ದಕ್ಷಿಣ ಕೊರಿಯಾದಲ್ಲೂ ಅದೇ ಸುದ್ದಿ. ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ತಿಗಣೆ ಇದೆ ಅಂದರೆ ಮನೆ ಕೊಳಕು ಅಂತ ಅರ್ಥವಲ್ಲ. ಅದಕ್ಕೆ ಬೇಕಿರುವುದು ಕಸವಲ್ಲ, ಮಲಗಿರುವ ಮನುಷ್ಯ. ನಾಚಿಕೆಯಿಂದ ಪಕ್ಕದ ಮನೆಯವರಿಗೂ ಮನೆ ಓನರಿಗೂ ಹೇಳದೆ ಮುಚ್ಚಿಡುವುದರಿಂದ ಲಾಭವಾಗುವುದು ತಿಗಣೆಗೆ ಮಾತ್ರ.

## ಇದು ಎಂಥ ಹುಳ?

ದೊಡ್ಡ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ. ಕೆಂಪು ಬೆರೆತ ಕಂದು ಬಣ್ಣ. ಹೊಟ್ಟೆ ಖಾಲಿ ಇದ್ದಾಗ ಕಾಗದದಂತೆ ಚಪ್ಪಟೆ, ರಕ್ತ ಕುಡಿದಾಗ ಉಬ್ಬಿ ಉದ್ದವಾಗುತ್ತದೆ. ಹಾರುವುದಿಲ್ಲ, ನೆಗೆಯುವುದಿಲ್ಲ. ನಡೆಯುತ್ತದೆ, ಅಷ್ಟೇ. ಆದರೆ ಸಾಕಷ್ಟು ಚುರುಕಾಗಿಯೇ ನಡೆಯುತ್ತದೆ.

ಮನುಷ್ಯರ ರಕ್ತ ಕುಡಿಯುವ ತಿಗಣೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ತಂಪು ದೇಶಗಳಲ್ಲಿ ಜಾಸ್ತಿ ಇರುವುದು ಸೈಮೆಕ್ಸ್ ಲೆಕ್ಚುಲೇರಿಯಸ್. ನಮ್ಮಂಥ ಬೆಚ್ಚಗಿನ ಕಡೆ ಸಾಮಾನ್ಯವಾಗಿ ಕಾಣುವುದು ಸೈಮೆಕ್ಸ್ ಹೆಮಿಪ್ಟೆರಸ್. ಈ ಹೆಸರುಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಎರಡರ ನಡುವೆ ಒಂದು ವ್ಯತ್ಯಾಸ ನಮಗೆ ಲೆಕ್ಕಕ್ಕೆ ಬರುತ್ತದೆ: ನಮ್ಮ ಕಡೆಯದು ನುಣುಪಾದ ಪ್ಲಾಸ್ಟಿಕ್, ಗಾಜಿನ ಮೇಲೂ ಚೆನ್ನಾಗಿ ಹತ್ತುತ್ತದೆ. ವಿದೇಶದ ವಿಡಿಯೋ ನೋಡಿ ಮಂಚದ ಕಾಲಿಗೆ ಖಾಲಿ ಬಟ್ಟಲು ಇಟ್ಟರೆ ಅದು ಹತ್ತಿಕೊಂಡು ಬರುತ್ತದೆ. ಬಟ್ಟಲಿನಲ್ಲಿ ಸೋಪಿನ ನೀರು ಇರಬೇಕು.

ಕತ್ತಲಲ್ಲಿ ನಮ್ಮನ್ನು ಹುಡುಕುವುದು ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ, ಮೈ ವಾಸನೆಯ ಜಾಡು ಹಿಡಿದು. ಮೂರರಿಂದ ಹತ್ತು ನಿಮಿಷ ರಕ್ತ ಹೀರಿ ವಾಪಸ್ ಸಂದಿಗೆ ಹೋಗುತ್ತದೆ. ಆಮೇಲೆ ಕೆಲವು ದಿನ ಹೊರಗೆ ಬರುವುದಿಲ್ಲ. ಅಂದರೆ ಒಂದು ರಾತ್ರಿ ನೀವು ನೋಡುವ ತಿಗಣೆ ಇರುವ ಒಟ್ಟು ತಿಗಣೆಗಳಲ್ಲಿ ಸ್ವಲ್ಪ ಭಾಗ ಮಾತ್ರ. ಉಳಿದವು ಹೊಟ್ಟೆ ತುಂಬಿಸಿಕೊಂಡು ಒಳಗೇ ಕೂತಿರುತ್ತವೆ.

ಕಾಯಿಲೆ ಹರಡುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸೊಳ್ಳೆ ಡೆಂಗಿ ಹರಡುವ ಹಾಗೆ ತಿಗಣೆ ಕಚ್ಚಿ ಮನುಷ್ಯರಿಗೆ ರೋಗ ಹರಡಿದ್ದು ಸಾಬೀತಾಗಿಲ್ಲ. ಕಾಟ ಬೇರೆ ತರಹದ್ದು. ತುರಿಕೆ, ಕೆರೆದು ಕೆರೆದು ಆಗುವ ಹುಣ್ಣು, ನಿದ್ದೆಗೇಡು. ತೀರಾ ಜಾಸ್ತಿಯಾದ ಮನೆಗಳಲ್ಲಿ ರಕ್ತಹೀನತೆಯೂ ಕಂಡುಬಂದಿದೆ.

## ಇದೆಯೋ ಇಲ್ಲವೋ ನೋಡುವುದು ಹೇಗೆ?

ಬರೀ ದದ್ದು ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದೇ ಹಾಸಿಗೆಯಲ್ಲಿ ಮಲಗಿದ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದು ಬರಬಹುದು, ಇನ್ನೊಬ್ಬರಿಗೆ ಏನೂ ಇಲ್ಲದಿರಬಹುದು. ಕಚ್ಚಿದ ಗುರುತು ಕೆಲವರಲ್ಲಿ ಎಷ್ಟೋ ದಿನ ಬಿಟ್ಟು ಏಳುತ್ತದೆ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ ರಾತ್ರಿ ಹೊತ್ತು ತುರಿಕೆ ಜಾಸ್ತಿಯಾಗಿ ಮನೆಮಂದಿಗೆಲ್ಲ ಹರಡುತ್ತಿದ್ದರೆ ಅದು ಕಜ್ಜಿ ಇರಬಹುದು. ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು, ಮನೆಗೆ ಔಷಧಿ ಹೊಡೆದು ಪ್ರಯೋಜನವಿಲ್ಲ.

ಹುಡುಕಬೇಕಾದ್ದು ನಾಲ್ಕು. ಜೀವಂತ ತಿಗಣೆ, ಅದು ಕಳಚಿದ ತೆಳು ಹೊಂಬಣ್ಣದ ಪೊರೆ, ಸುಮಾರು ಒಂದು ಮಿಲಿಮೀಟರ್ ಉದ್ದದ ಬಿಳಿ ಮೊಟ್ಟೆ, ಮತ್ತು ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆ. ಈ ಚುಕ್ಕೆ ಅದರ ಹಿಕ್ಕೆ, ಅಂದರೆ ಅರಗಿದ ರಕ್ತ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಂದಾಗಿ ಹರಡುತ್ತದೆ. ಹೀಗಾದರೆ ಅನುಮಾನ ಬೇಡ.

ಟಾರ್ಚ್ ಹಿಡಿದು ಹಾಸಿಗೆಯ ಅಂಚಿನ ಹೊಲಿಗೆಯಿಂದ ಶುರು ಮಾಡಿ. ಆಮೇಲೆ ಮಂಚದ ಕೀಲು, ಸ್ಕ್ರೂ ಹೋಗುವ ತೂತು, ಪ್ಲೈವುಡ್ಡಿನ ಅಡಿ. ಸಂದಿಯಲ್ಲಿ ಹಳೇ ಎಟಿಎಂ ಕಾರ್ಡ್ ಎಳೆದರೆ ಒಳಗಿರುವುದು ಹೊರಗೆ ಬರುತ್ತದೆ. ತಿಗಣೆ ಸಾಮಾನ್ಯವಾಗಿ ನಾವು ಮಲಗುವ ಜಾಗದಿಂದ ಒಂದೆರಡು ಮೀಟರ್ ಒಳಗೇ ಮನೆ ಮಾಡುತ್ತದೆ. ಜಾಸ್ತಿಯಾದಾಗ ಗೋಡೆಗೆ ಹತ್ತುತ್ತದೆ. ಆಗ ನೋಡಬೇಕಾದ ಜಾಗ ಯಾರಿಗೂ ಹೊಳೆಯುವುದಿಲ್ಲ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್, ದೇವರ ಫೋಟೋದ ಹಿಂಭಾಗ, ಸ್ವಿಚ್ ಬೋರ್ಡ್, ಬಿರುಕು ಬಿಟ್ಟ ಗಾರೆ. ಚಾಪೆ ಹಾಸಿ ಮಲಗುವ ಮನೆಗಳಲ್ಲಿ ಸುತ್ತಿ ಮೂಲೆಗೆ ನಿಲ್ಲಿಸಿದ ಚಾಪೆಯ ಒಳಸುತ್ತು ಅದಕ್ಕೆ ಬಲು ಇಷ್ಟ. ನಾಟಿ ಕೋಳಿ ಸಾಕಿದ್ದರೆ ಅವುಗಳ ಗೂಡನ್ನೂ ನೋಡಿ. ಕೋಳಿ ರಕ್ತವೂ ತಿಗಣೆಗೆ ಆಗುತ್ತದೆ.

## ಎಲ್ಲಾ ಇರುವುದು ಮೊಟ್ಟೆಯ ಲೆಕ್ಕದಲ್ಲಿ

ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಜೀವಮಾನದಲ್ಲಿ ಇನ್ನೂರಕ್ಕೂ ಹೆಚ್ಚು. ಮೊಟ್ಟೆಯನ್ನು ಅಂಟಿನಿಂದ ಸಂದಿಗೆ ಅಂಟಿಸುವುದರಿಂದ ಹಾಸಿಗೆ ಕೊಡವಿದರೆ ಬೀಳುವುದಿಲ್ಲ. ನಮ್ಮ ಹವೆಯಲ್ಲಿ ಸುಮಾರು 6ರಿಂದ 10 ದಿನದಲ್ಲಿ ಒಡೆದು ಮರಿ ಬರುತ್ತದೆ. ಮರಿ ದೊಡ್ಡದಾಗಲು ಐದು ಸಲ ಪೊರೆ ಕಳಚಬೇಕು. ಪ್ರತಿ ಸಲವೂ ಅದಕ್ಕೆ ಮೊದಲು ಒಮ್ಮೆ ರಕ್ತ ಕುಡಿಯಲೇಬೇಕು. ಇದಕ್ಕೆಲ್ಲ ಒಂದು ತಿಂಗಳಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಆಮೇಲೆ ಅದೂ ಮೊಟ್ಟೆ ಇಡಲು ಶುರು ಮಾಡುತ್ತದೆ. ಬಸುರಾದ ಒಂದೇ ಒಂದು ಹೆಣ್ಣು ಬ್ಯಾಗಿನಲ್ಲಿ ಬಂದರೂ ಸಾಕು. ಅದರ ಮಕ್ಕಳು ತಮ್ಮತಮ್ಮಲ್ಲೇ ಕೂಡಿ ಸಂಸಾರ ಬೆಳೆಸುತ್ತವೆ.

ಈಗ ಔಷಧಿಯ ವಿಷಯಕ್ಕೆ ಬನ್ನಿ. ಮನೆಗೆ ಹೊಡೆಯುವ ಬಹುತೇಕ ಔಷಧಿ ಓಡಾಡುವ ತಿಗಣೆಯನ್ನು ಕೊಲ್ಲುತ್ತದೆ, ಮೊಟ್ಟೆಯ ಚಿಪ್ಪಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ಇವತ್ತು ಹೊಡೆದರೆ ದೊಡ್ಡವು ಸತ್ತವು ಅಂತಿಟ್ಟುಕೊಳ್ಳಿ. ನಿನ್ನೆ ಇಟ್ಟ ಮೊಟ್ಟೆ ಹಾಗೇ ಉಳಿಯಿತು. ವಾರ, ಹತ್ತು ದಿನದಲ್ಲಿ ಒಡೆಯಿತು. ಹೊರಬಂದ ಮರಿ ಎಷ್ಟು ಸಣ್ಣದೆಂದರೆ, ರಕ್ತ ಕುಡಿಯುವ ಮುಂಚೆ ಬಣ್ಣವೇ ಇರುವುದಿಲ್ಲ, ಕಣ್ಣಿಗೆ ಬೀಳುವುದೂ ಕಷ್ಟ. ಎರಡನೇ ವಾರದ ಆ ಹೊಸ ದದ್ದು ಇವುಗಳ ಕೆಲಸ.

ರಾಗಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಸಲ ಎಡೆಕುಂಟೆ ಹೊಡೆದು ಹೊಲ ಶುದ್ಧವಾಯಿತು ಅಂತ ಯಾರೂ ಮನೆಗೆ ಹೋಗಿ ಕೂರುವುದಿಲ್ಲ. ಮಣ್ಣಿನಲ್ಲಿರುವ ಕಳೆ ಬೀಜ ಮೊಳೆಯಲಿ ಅಂತ ಕಾದು, ಅದು ಹೂಬಿಟ್ಟು ಬೀಜ ಉದುರಿಸುವ ಮುಂಚೆ ಇನ್ನೊಂದು ಸಲ ಹೊಡೆಯುತ್ತಾರೆ. ತಿಗಣೆಗೂ ಅದೇ ಹದ ಹಿಡಿಯಬೇಕು. ಮೊದಲ ಸಲ ಆದ 12ರಿಂದ 14ನೇ ದಿನ ಎರಡನೇ ಸಲ. ಅಷ್ಟು ಹೊತ್ತಿಗೆ ಉಳಿದ ಮೊಟ್ಟೆಗಳೆಲ್ಲ ಒಡೆದಿರುತ್ತವೆ, ಆದರೆ ಯಾವ ಮರಿಯೂ ಮೊಟ್ಟೆ ಇಡುವಷ್ಟು ಬೆಳೆದಿರುವುದಿಲ್ಲ. ಮತ್ತೆ ಎರಡು ವಾರಕ್ಕೆ ಮೂರನೇ ಸಲ, ತಪ್ಪಿಸಿಕೊಂಡವಕ್ಕಾಗಿ. ಜನ ಮಾಡುವುದು ಏನೆಂದರೆ, ಮತ್ತೆ ಕಚ್ಚುವವರೆಗೆ ಕಾಯುವುದು, ಕಚ್ಚಿದ ಮೇಲೂ ಬೇಸರದಿಂದ ಒಂದು ತಿಂಗಳು ತಳ್ಳುವುದು. ಆಗ ಹೊಸ ಮೊಟ್ಟೆ ಬಿದ್ದಾಗಿರುತ್ತದೆ, ಲೆಕ್ಕ ಮೊದಲಿಂದ ಶುರು.

## ಔಷಧಿಗೆ ಬಗ್ಗದ ತಿಗಣೆ

ಎರಡನೇ ಕಾರಣ, ಔಷಧಿ ಮೊದಲಿನ ಹಾಗೆ ಕೆಲಸ ಮಾಡುವುದಿಲ್ಲ. ಹೊಡೆದಾಗ ಸೂಕ್ಷ್ಮದವು ಸಾಯುತ್ತವೆ, ತಡೆದುಕೊಳ್ಳುವವು ಉಳಿಯುತ್ತವೆ. ಮುಂದಿನ ಪೀಳಿಗೆ ಆ ಉಳಿದವುಗಳ ಮಕ್ಕಳು. ಡಿಡಿಟಿಗೆ ಬಗ್ಗದ ತಿಗಣೆ ಹವಾಯಿಯ ಪರ್ಲ್ ಹಾರ್ಬರ್ ಸೈನಿಕರ ಬ್ಯಾರಕ್ಕಿನಲ್ಲಿ 1947ರಲ್ಲೇ ಕಂಡಿತ್ತು. ಈಗ ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿಗಳಲ್ಲಿ ಹೆಚ್ಚಾಗಿ ಇರುವುದು ಪೈರೆಥ್ರಾಯ್ಡ್ ಗುಂಪಿನ ಔಷಧಿ. ತಮಾಷೆಯೆಂದರೆ ಡಿಡಿಟಿಯೂ ಪೈರೆಥ್ರಾಯ್ಡೂ ಹುಳದ ನರದಲ್ಲಿ ಒಂದೇ ಜಾಗಕ್ಕೆ ಹೊಡೆಯುತ್ತವೆ. ಒಂದನ್ನು ತಡೆಯುವ ಶಕ್ತಿ ಬಂದ ತಿಗಣೆ ಇನ್ನೊಂದನ್ನೂ ಅರ್ಧ ಗೆದ್ದಂತೆ.

ಡಬ್ಬಿ ಸ್ಪ್ರೇಯಿಂದ ಇನ್ನೊಂದು ತೊಂದರೆ. ಸಾಯದ ತಿಗಣೆ ಕಿರಿಕಿರಿಯಾಗಿ ಚದುರುತ್ತದೆ. ಮಂಚದಲ್ಲಿದ್ದದ್ದು ಪಕ್ಕದ ರೂಮಿಗೆ ಹೋಗುತ್ತದೆ. ರೂಮಿಗೆಲ್ಲ ಹೊಗೆ ಬಿಡುವ ಡಬ್ಬಿಯೂ ಅಷ್ಟೇ. ಹೊಗೆ ಗಾಳಿಯಲ್ಲಿ ತೇಲುತ್ತದೆ, ತಿಗಣೆ ಸಂದಿಯಲ್ಲಿರುತ್ತದೆ.

ಜಿರಲೆಗೆ ಹಚ್ಚುವ ಜೆಲ್ ಮತ್ತು ಬೋರಿಕ್ ಪುಡಿ ಇದಕ್ಕೆ ನಾಟುವುದಿಲ್ಲ. ಅವು ತಿಂದರೆ ಮಾತ್ರ ಕೊಲ್ಲುವ ಔಷಧಿಗಳು. ತಿಗಣೆ ರಕ್ತ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಕರ್ಪೂರ, ನುಸಿ ಗುಳಿಗೆ ಇಟ್ಟರೆ ರೂಮು ಘಮ್ ಅನ್ನುತ್ತದೆ, ಅಷ್ಟೇ.

ಮನೆಮದ್ದುಗಳಲ್ಲಿ ಒಂದರ ಹಿಂದೆ ನಿಜವಾದ ವಿಜ್ಞಾನವಿದೆ, ಅದು ನಮ್ಮ ಕಡೆಯ ಹೊಲದಲ್ಲೇ ಬೆಳೆಯುತ್ತದೆ ಅನ್ನುವುದು ಖುಷಿಯ ವಿಷಯ. ಪೂರ್ವ ಯುರೋಪಿನ ಬಾಲ್ಕನ್ ಕಡೆಯ ಜನ ಹಿಂದೆ ರಾತ್ರಿ ಮಂಚದ ಸುತ್ತ ಬೀನ್ಸ್ ಎಲೆ ಹರಡಿ, ಬೆಳಗ್ಗೆ ತಿಗಣೆ ಸಮೇತ ಗುಡಿಸಿ ಸುಡುತ್ತಿದ್ದರು. 2013ರಲ್ಲಿ ಅಮೆರಿಕದ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎಲೆಯ ಮೇಲಿನ ಕೊಕ್ಕೆಯಂಥ ಸಣ್ಣ ರೋಮ ತಿಗಣೆಯ ಕಾಲಿಗೆ ಚುಚ್ಚಿಕೊಂಡು ಹಿಡಿದು ನಿಲ್ಲಿಸುವುದು ಕಂಡಿತು. ಕೋಲಾರದಲ್ಲಿ ಬೀನ್ಸ್ ಬೆಳೆಯುವವರು ಬೇಕಿದ್ದರೆ ಮಾಡಿ ನೋಡಬಹುದು. ಆದರೆ ಓಡಾಡುವ ಕೆಲವನ್ನು ಹಿಡಿಯಬಹುದೇ ಹೊರತು ಸಂದಿಯ ಮೊಟ್ಟೆಗೆ ಎಲೆ ಏನೂ ಮಾಡುವುದಿಲ್ಲ.

## ಬಿಸಿಗೆ ಮಾತ್ರ ಎದುರಿಲ್ಲ

ಅಜ್ಜಿಯ ಕುದಿಯುವ ನೀರಿಗೆ ಇವತ್ತಿಗೂ ಯಾವ ತಿಗಣೆಯೂ ಪ್ರತಿರೋಧ ಬೆಳೆಸಿಕೊಂಡಿಲ್ಲ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ದೊಡ್ಡವು ಬೇಗ ಸಾಯುತ್ತವೆ. ಮೊಟ್ಟೆ ಸ್ವಲ್ಪ ಗಟ್ಟಿ. 48 ಡಿಗ್ರಿಯಲ್ಲಿ ಅದಕ್ಕೆ ಒಂದು ಗಂಟೆಗೂ ಜಾಸ್ತಿ ಹೊತ್ತು ಬೇಕು, 55 ದಾಟಿದರೆ ತಕ್ಷಣ ಹೋಗುತ್ತದೆ. ನನ್ನ ಕೇಳಿದರೆ ಖರ್ಚು, ಶ್ರಮ ಎರಡನ್ನೂ ಮೊದಲು ಇಲ್ಲಿ ಹಾಕಬೇಕು, ಔಷಧಿ ಆಮೇಲೆ.

ಬಟ್ಟೆ, ದುಪ್ಪಟಿ, ದಿಂಬಿನ ಕವರು, ರಗ್ಗು, ಪರದೆ ಇವನ್ನೆಲ್ಲ 60 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ತಾರಸಿಯ ಸೋಲಾರ್ ಹೀಟರಿನಿಂದ ಬಿಸಿಲು ಚೆನ್ನಾಗಿರುವ ದಿನ ಮಧ್ಯಾಹ್ನ ಸಾಮಾನ್ಯವಾಗಿ ಅಷ್ಟು ಬಿಸಿ ನೀರು ಬರುತ್ತದೆ. ಬಚ್ಚಲಿನ ಹಂಡೆ ಇದ್ದರೆ ಇನ್ನೂ ಒಳ್ಳೆಯದು. ನೀರಿಗೆ ಹಾಕಲಾಗದ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ. ಹೊಲಿಗೆ, ಮಡಿಕೆಯ ಮೇಲೆ ನಿಧಾನಕ್ಕೆ ಒತ್ತಬೇಕು. ಮಂಚವನ್ನು ಬಿಚ್ಚಿ ಹೊರಗೆ ತಂದು ಕೀಲಿಗೆ ಕುದಿಯುವ ನೀರು ಹಾಕಿ. ಪ್ಲೈವುಡ್ ಉಬ್ಬುತ್ತದೆ ಅಂತಿದ್ದರೆ ಸ್ಟೀಮರ್ ಹಿಡಿಯಿರಿ. ಹಬೆ ಜೋರಾಗಿ ಊದಿದರೆ ತಿಗಣೆ ಹಾರಿ ಬೇರೆಡೆ ಬೀಳುತ್ತದೆ. ಹತ್ತಿರ ಹಿಡಿದು ಮೆಲ್ಲಗೆ ಸಾಗಬೇಕು. ಸ್ವಿಚ್ ಬೋರ್ಡಿಗೆ ನೀರೂ ಬೇಡ, ಹಬೆಯೂ ಬೇಡ.

ಬಿಸಿಲಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹಾಸಿಗೆ ಒಂದು ದಿನ ಬಿಸಿಲಿಗೆ ಹಾಕಿದರೆ ತಿಗಣೆ ಸಾಯುತ್ತದೆ ಅಂತ. ಸೋಲಾರ್ ಪಾರ್ಕ್ ಕಟ್ಟುವಷ್ಟು ಬಿಸಿಲು ಸುರಿಯುವ ಪಾವಗಡದಲ್ಲೂ ಬೇಸಿಗೆಯ ಗಾಳಿ 40 ಡಿಗ್ರಿಯ ಆಸುಪಾಸು ಅಷ್ಟೇ. ಹತ್ತಿ ಹಾಸಿಗೆಯ ಮೇಲ್ಮೈ ಕಾದರೂ ಒಳಗೆ ಅಷ್ಟು ಬಿಸಿ ಇಳಿಯುವುದಿಲ್ಲ. ತಿಗಣೆ ನೆರಳಿರುವ ಕೆಳಬದಿಗೆ ಸರಿದು ಕೂರುತ್ತದೆ. ಬಿಸಿಲು ಕೆಲಸ ಮಾಡಬೇಕಾದರೆ ಅದರ ಬಿಸಿಯನ್ನು ಕಟ್ಟಿಹಾಕಬೇಕು. ಬಟ್ಟೆ, ಚಪ್ಪಲಿ, ಪುಸ್ತಕ, ಖಾಲಿ ಬ್ಯಾಗುಗಳನ್ನು ಕಪ್ಪು ಪ್ಲಾಸ್ಟಿಕ್ ಕವರಿಗೆ ತೆಳ್ಳಗೆ ಹರಡಿ ತುಂಬಿ, ಬಾಯಿ ಬಿಗಿದು, ಏಪ್ರಿಲ್ ಮೇ ತಿಂಗಳ ನಡುಮಧ್ಯಾಹ್ನ ತಾರಸಿಯ ಕಾಂಕ್ರೀಟಿನ ಮೇಲಿಡಿ. ನಡುವೆ ತಿರುವಿ ಹಾಕಿ. ಕವರಿನೊಳಗಿನ ಬಿಸಿ ಹೊರಗಿನ ಗಾಳಿಗಿಂತ ಎಷ್ಟೋ ಮೇಲೆ ಹೋಗುತ್ತದೆ. ದೊಡ್ಡ ಹಾಸಿಗೆಗೆ ಈ ಉಪಾಯ ಆಗುವುದಿಲ್ಲ. ಅದನ್ನು ವ್ಯಾಕ್ಯೂಮ್ ಮಾಡಿ, ಹೊಲಿಗೆಗೆ ಹಬೆ ಕೊಟ್ಟು, ಸುತ್ತ ಜಿಪ್ ಇರುವ ಪೂರಾ ಕವರಿನೊಳಗೆ ಮುಚ್ಚಿಬಿಡಿ. ಒಳಗಿದ್ದದ್ದು ಹೊರಬರಲಾರದೆ ಹಸಿದು ಸಾಯುತ್ತದೆ. ಕವರು ತೆಗೆಯಲು ಅವಸರ ಬೇಡ, ಯಾಕೆಂದರೆ ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಹಬ್ಬಕ್ಕೆ ಊರಿಗೆ ಹೋಗಿ ಹದಿನೈದು ದಿನ ಮನೆ ಬೀಗ ಹಾಕಿದರೆ ಸಾಯುತ್ತದೆ ಅನ್ನುವುದು ಅದಕ್ಕೇ ಸುಳ್ಳು. ಚಿಕ್ಕಬಳ್ಳಾಪುರದ ಡಿಸೆಂಬರ್ ಚಳಿಗೂ ಸಾಯುವುದಿಲ್ಲ. ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ.

ಇಷ್ಟೆಲ್ಲ ನಡೆಯುವಾಗ ಮಲಗುವ ಜಾಗ ಬದಲಿಸಬೇಡಿ. ನಡುಮನೆಯಲ್ಲಿ ಮಲಗಿದರೆ ತಿಗಣೆ ನಡುಮನೆಗೆ ಬರುತ್ತದೆ. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆದು, ದುಪ್ಪಟಿ ನೆಲಕ್ಕೆ ತಾಗದ ಹಾಗೆ ಮಡಿಸಿ, ಕಾಲಿನಡಿ ಸೋಪಿನ ನೀರಿನ ಬಟ್ಟಲಿಟ್ಟು ಅಲ್ಲೇ ಮಲಗಿ. ಗೋಡೆಯ ಬಿರುಕಿಗೆ ವೈಟ್ ಸಿಮೆಂಟ್ ತುಂಬಿ.

## ಜೀವಕ್ಕೆ ಅಪಾಯ ತರುವ ದಾರಿಗಳು

ನಿದ್ದೆಗೆಟ್ಟವರು ಏನು ಬೇಕಾದರೂ ಮಾಡಲು ತಯಾರಿರುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಕೆಲಸ ಆಗುವುದು ಆಗಲೇ.

ಎಲ್ಲಕ್ಕಿಂತ ಅಪಾಯ ಕಾಳಿಗೆ ಹಾಕುವ ಮಾತ್ರೆ, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್. ರಾಗಿ, ಜೋಳದ ಹುಳಕ್ಕೆ ತಂದದ್ದು ಮಿಕ್ಕಿದೆ ಅಂತ ಅದನ್ನು ಮಂಚದಡಿ ಇಡುವವರಿದ್ದಾರೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನ್ನುವ ವಿಷ ಅನಿಲ ಹೊರಡುತ್ತದೆ. ಬಾಗಿಲ ಸಂದಿಯಿಂದ ಪಕ್ಕದ ರೂಮಿಗೂ, ಪಕ್ಕದ ಮನೆಗೂ ಹೋಗುತ್ತದೆ. ಇದಕ್ಕೆ ಪ್ರತಿಮದ್ದು ಇಲ್ಲ. ನಮ್ಮ ದೇಶದಲ್ಲಿ ಹೀಗೆ ಮಲಗಿದಲ್ಲೇ ಸತ್ತವರಿದ್ದಾರೆ, ಅದರಲ್ಲಿ ಮಕ್ಕಳೂ ಇದ್ದಾರೆ. ಸಾಮಾನ್ಯ ಜನರಿಗೆ ಇದನ್ನು ಮಾರುವಂತಿಲ್ಲ ಅನ್ನುವ ನಿರ್ಬಂಧ ಇರುವುದೇ ಇದಕ್ಕೆ. ಮನೆಯಲ್ಲಿ ಇಂಥದ್ದು ಇಟ್ಟ ಮೇಲೆ ಯಾರಿಗಾದರೂ ವಾಂತಿ, ಉಸಿರುಕಟ್ಟುವುದು ಶುರುವಾದರೆ ಎಲ್ಲರೂ ತಕ್ಷಣ ಹೊರಗೆ ಬಂದು 108ಕ್ಕೆ ಫೋನ್ ಮಾಡಬೇಕು.

ಟೊಮೇಟೊ, ದ್ರಾಕ್ಷಿಗೆ ಹೊಡೆಯುವ ಔಷಧಿ ಮನೆಯೊಳಗೆ ಹೊಡೆಯಬೇಡಿ. ಕೀಟನಾಶಕದ ಬಾಟಲಿ ಮೇಲೆ ಬಣ್ಣದ ತ್ರಿಕೋನ ಇರುತ್ತದಲ್ಲ, ಕೆಂಪು ಅಂದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹೊಲದ ಗಾಳಿಯಲ್ಲಿ ಹೊಡೆದು ಬರುವುದಕ್ಕೂ, ಅದೇ ವಿಷ ಕುಡಿದ ಹಾಸಿಗೆ ಮೇಲೆ ಮಗು ಮಲಗಿಸುವುದಕ್ಕೂ ವ್ಯತ್ಯಾಸವಿದೆ ಅಲ್ವಾ? ಹಿಂದೆ ತಿಗಣೆಗೆಂದೇ ಜನ ಕೇಳಿ ತರುತ್ತಿದ್ದ ಡೈಕ್ಲೋರ್ವಾಸ್ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹಳೇ ಬಾಟಲಿ ಅಟ್ಟದಲ್ಲಿದ್ದರೆ ಬಳಸಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಸುರಿಯುವುದು ಬೆಂಕಿಗೆ ದಾರಿ.

## ರೇಷ್ಮೆ ಹುಳು ಸಾಕುವ ಮನೆಯವರು ಗಮನಿಸಿ

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಹಳ್ಳಿಗಳಲ್ಲಿ ಮನೆಗೆ ಅಂಟಿಕೊಂಡೇ ಹುಳು ಮನೆ ಇರುವುದು ಸಾಮಾನ್ಯ. ರೇಷ್ಮೆ ಹುಳು ಸೊಳ್ಳೆ ಬತ್ತಿಯ ಹೊಗೆಯನ್ನೇ ತಡೆಯುವುದಿಲ್ಲ. ತಿಗಣೆಗೆ ಹೊಡೆಯುವ ಪೈರೆಥ್ರಾಯ್ಡ್ ಕೂಡ ಅದೇ ಗುಂಪಿನದು, ಅದಕ್ಕಿಂತ ಗಟ್ಟಿ, ಗೋಡೆಯ ಮೇಲೆ ವಾರಗಟ್ಟಲೆ ಉಳಿಯುತ್ತದೆ. ಮಲಗುವ ರೂಮಿಗೆ ಹೊಡೆದ ಕೈಯಲ್ಲೇ ಹಿಪ್ಪುನೇರಳೆ ಸೊಪ್ಪು ಮುಟ್ಟಿದರೂ ಹುಳು ಹೋಗಬಹುದು. ಇಂಥ ಮನೆಗಳಿಗೆ ಬಿಸಿಯ ದಾರಿಯೇ ಸರಿ. ಔಷಧಿ ಬೇಕೇ ಬೇಕು ಅಂತಾದರೆ ಗೂಡು ಮಾರುಕಟ್ಟೆಗೆ ಹೋಗಿ ಮುಂದಿನ ಚಾಕಿ (ಮರಿ ಹುಳು) ತರುವ ನಡುವೆ ಸಾಕಷ್ಟು ದಿನ ಬಿಡುವು ಇಟ್ಟುಕೊಂಡು, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ದೂರ ಸಾಗಿಸಿ, ಮೊದಲು ರೇಷ್ಮೆ ಇಲಾಖೆಯವರನ್ನು ಕೇಳಿ ಮಾಡಿ.

## ಪೆಸ್ಟ್ ಕಂಟ್ರೋಲ್‌ನವರನ್ನು ಕರೆದರೆ

ಲೈಸೆನ್ಸ್ ಇದೆಯಾ ಅಂತ ಕೇಳಿ. 1968ರ ಕೀಟನಾಶಕ ಕಾಯ್ದೆಯಡಿ ಅದು ಕಡ್ಡಾಯ. ಯಾವ ಔಷಧಿ ಅಂತ ಹೆಸರು ಬರೆಸಿಕೊಳ್ಳಿ, ಎಷ್ಟು ಹೊತ್ತು ಹೊರಗಿರಬೇಕು ಅಂತ ಕೇಳಿ. ಎರಡನೇ ಸಲ ಯಾವ ದಿನ ಬರುತ್ತೀರಿ ಅನ್ನುವುದು ಮುಖ್ಯ ಪ್ರಶ್ನೆ. "ಒಂದೇ ಸಲಕ್ಕೆ ಗ್ಯಾರಂಟಿ" ಅನ್ನುವವರಿಗೆ ಮೊಟ್ಟೆಯ ಲೆಕ್ಕ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ. ಸಾಲು ಮನೆ, ಪಿಜಿ ಆದರೆ ಎಲ್ಲ ರೂಮಿಗೂ ಒಂದೇ ದಿನ ಆಗಬೇಕು. ಒಂದು ರೂಮಿಗೆ ಮಾತ್ರ ಹೊಡೆದರೆ ತಿಗಣೆ ಪಕ್ಕಕ್ಕೆ ಹೋಗಿ ವಾಪಸ್ ಬರುತ್ತದೆ.

## ಹೋಯಿತು ಅಂತ ಯಾವಾಗ ಹೇಳಬಹುದು?

ಕೊನೆಯ ಸಲ ಮಾಡಿದ ಮೇಲೆ ಎರಡು ತಿಂಗಳು ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡಿ. ಹಳೇ ಕಪ್ಪು ಚುಕ್ಕೆಗಳನ್ನು ಮೊದಲೇ ಒರೆಸಿಟ್ಟರೆ ಹೊಸದು ಬಂದರೆ ಗೊತ್ತಾಗುತ್ತದೆ. ಹೊಸ ಚುಕ್ಕೆ, ಹೊಸ ಪೊರೆ ಇಲ್ಲ ಅಂದರೆ ಹೋಗಿದೆ ಅಂತ ಇಟ್ಟುಕೊಳ್ಳಬಹುದು.

ಮತ್ತೆ ಬರುವುದು ಹೊರಗಿನಿಂದ. ಸೆಕೆಂಡ್ ಹ್ಯಾಂಡ್ ಮಂಚ, ಸೋಫಾ ಕೊಳ್ಳುವಾಗ ಅಂಗಡಿಯಲ್ಲೇ ತಲೆಕೆಳಗು ಮಾಡಿ ಕೀಲು ನೋಡಿ. ಹಾಸ್ಟೆಲ್‌ನಿಂದ ರಜೆಗೆ ಬರುವ ಮಕ್ಕಳ ಬ್ಯಾಗನ್ನು ರೂಮಿಗೆ ತರುವ ಮೊದಲು ತಾರಸಿಯಲ್ಲೇ ಬಿಚ್ಚಿಸಿ. ಬಟ್ಟೆ ನೇರ ಬಿಸಿನೀರಿಗೆ, ಬ್ಯಾಗು ಕಪ್ಪು ಕವರಿಗೆ.